ಮಾವನ ಹೆಜ್ಜೆ ನೆಲಕ್ಕೆ ಕೂರುವವರೆಗೆ: ಸೋಮನ ಕುಣಿತದ ಮೋಕ್ಯಾಪ್ ತಿದ್ದಿದ ಬಗೆ

ನಮ್ಮ ಸೋದರಮಾವ ಮೂವತ್ತು ವರ್ಷದಿಂದ ಸೋಮನನ್ನು ಹೊರುತ್ತಿದ್ದಾರೆ. ಸೋಮ ಅಂದರೆ ಜಾತ್ರೆಯಲ್ಲಿ ತಲೆ ಮೇಲೆ ಹೊತ್ತು ಕುಣಿಯುವ ದೇವರ ಮುಖ. ಊರು ತುರುವೇಕೆರೆ ಕಡೆ. ಈ ಸಲ ಜಾತ್ರೆ ಮುಗಿದ ಮೇಲೆ ಜಗಲಿ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಇನ್ನೆರಡು ವರ್ಷ ಕಣವ್ವಾ, ಆಮೇಲೆ ಹುಡುಗ್ರು ಹೊರ್ಲಿ" ಅಂದರು.

ಹುಡುಗರಿಗೆ ಕಲಿಯುವ ಆಸೆ ಇದೆ. ಆದರೆ ಸೋಮ ಕುಣಿಯುವಾಗ ಏನು ಕಾಣುತ್ತದೆ ಹೇಳಿ. ತಲೆ ಮೇಲೆ ಬಿದಿರಿನ ಕಟ್ಟು, ಮುಂದೆ ಮರದ ದೊಡ್ಡ ಮುಖ, ಸುತ್ತಲೂ ಬಣ್ಣದ ಸೀರೆ. ಒಳಗೆ ಸೊಂಟ ಎಷ್ಟು ಇಳಿಯಿತು, ಮೊಣಕಾಲು ಯಾವಾಗ ಮಡಚಿತು ಅನ್ನುವುದು ಬಟ್ಟೆಯೊಳಗೇ ಉಳಿಯುತ್ತದೆ. ವಿಡಿಯೋ ತೆಗೆದರೂ ಅಷ್ಟೇ. ಅದಕ್ಕೇ ಮಾವನ ಚಲನೆಯನ್ನು ಹಿಡಿದು ಒಂದು 3ಡಿ ಬೊಂಬೆಗೆ ಹಾಕೋಣ ಅನ್ನಿಸಿತು. ಹಿಂದಿನಿಂದ, ಪಕ್ಕದಿಂದ, ಕೆಳಗಿನಿಂದ, ಎಲ್ಲಿಂದ ಬೇಕಾದರೂ ತಿರುಗಿಸಿ ನೋಡಬಹುದು. ನಿಧಾನ ಮಾಡಬಹುದು. ಬಟ್ಟೆ ಅಡ್ಡ ಬರುವುದಿಲ್ಲ.

ನಾನು ತುಮಕೂರಿನಲ್ಲಿ ಆನಿಮೇಷನ್ ಕೆಲಸ ಮಾಡುತ್ತೇನೆ. ದಿನವಿಡೀ ಕೈಯಲ್ಲಿ ಕೀ ಹಾಕುವ, ಅಂದರೆ ಯಾವ ಫ್ರೇಮಿನಲ್ಲಿ ಬೊಂಬೆಯ ನಿಲುವು ಹೇಗಿರಬೇಕು ಅಂತ ಗುರುತು ಹಾಕುವ ಕೆಲಸ ಗೊತ್ತು. ಮೋಕ್ಯಾಪ್, ಅಂದರೆ ನಿಜವಾದ ಮನುಷ್ಯನ ಚಲನೆಯನ್ನು ಹಿಡಿದು ತಿದ್ದುವ ಕೆಲಸ, ಇಷ್ಟು ಉದ್ದಕ್ಕೆ ಮಾಡಿದ್ದು ಇದೇ ಮೊದಲು. ಹಿಡಿದಿದ್ದು ಒಂದು ಬೆಳಿಗ್ಗೆ. ತಿದ್ದಿದ್ದು ಏಳು ವಾರ, ಶನಿವಾರ ಭಾನುವಾರಗಳಲ್ಲಿ.

ಹಿಡಿದ ದಿನ

ಮೂರು ಫೋನು, ಮೂರು ಟ್ರೈಪಾಡು. ಕಣದ ಮೂರು ಮೂಲೆಯಲ್ಲಿ ಇಟ್ಟೆ. ಬೆಳಿಗ್ಗೆ ಆರೂವರೆಗೇ ಶುರು ಮಾಡಿದೆವು. ಬಿಸಿಲು ಏರಿದರೆ ತೆಂಗಿನ ಗರಿಯ ನೆರಳು ಮೈಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದು ಲೆಕ್ಕ ಕೆಡುತ್ತದೆ. ಪಂಚೆ ಬೇಡ ಮಾವ, ಚಡ್ಡಿ ಹಾಕಿಕೊಳ್ಳಿ ಅಂದೆ. ಮೊಣಕಾಲು ಕ್ಯಾಮೆರಾಗೆ ಕಾಣಲೇಬೇಕಲ್ವಾ.

ಸೋಮನ ಮುಖವನ್ನು ಇಂಥದ್ದಕ್ಕೆಲ್ಲ ಹೊರಗೆ ತರುವಂತಿಲ್ಲ. ಅದು ದೇವರ ಮುಖ. ನಾನೂ ಕೇಳಲಿಲ್ಲ. ಮಾವ ಬರಿ ತಲೆಯಲ್ಲೇ ಕುಣಿದರು, ಕೈಯಲ್ಲಿ ಬೆತ್ತ ಮಾತ್ರ. ಪಕ್ಕದ ಮನೆಯ ಅಣ್ಣ ಅರೆ ವಾದ್ಯ ಬಡಿದರು. ಬರಿ ತಲೆಯಲ್ಲಿ ಕುಣಿದದ್ದು ಮುಂದೆ ದೊಡ್ಡ ವಿಷಯವಾಯಿತು, ಹೇಳುತ್ತೇನೆ.

ಲೆಕ್ಕಕ್ಕೆ ಬಳಸಿದ್ದು ಫ್ರೀಮೋಕ್ಯಾಪ್, ದುಡ್ಡಿಲ್ಲದೆ ಸಿಗುವ ತಂತ್ರಾಂಶ. ಮೊದಲು ಚದುರಂಗದ ಮನೆಯಂಥ ಚಿತ್ರ ಅಚ್ಚು ಹಾಕಿಸಿ, ದಪ್ಪ ರಟ್ಟಿಗೆ ಅಂಟಿಸಿ, ಮೂರೂ ಕ್ಯಾಮೆರಾ ಮುಂದೆ ಆಡಿಸಬೇಕು. ಯಾವ ಕ್ಯಾಮೆರಾ ಎಲ್ಲಿದೆ ಅಂತ ಅದು ಕಂಡುಕೊಳ್ಳುವುದು ಅದರಿಂದಲೇ. ರಟ್ಟು ಸ್ವಲ್ಪವೂ ಬಾಗಬಾರದು. ಮೊದಲು ತೆಳು ರಟ್ಟು ತಂದಿದ್ದೆ, ಗಾಳಿಗೆ ಬಾಗಿತು, ಪೂರ್ತಿ ಮತ್ತೆ ಮಾಡಬೇಕಾಯಿತು.

ಒಂದು ಎಚ್ಚರಿಕೆ. ಫೋನುಗಳು ಸಾಮಾನ್ಯವಾಗಿ ಒಂದೇ ವೇಗದಲ್ಲಿ ರೆಕಾರ್ಡ್ ಮಾಡುವುದಿಲ್ಲ. 60 ಫ್ರೇಮ್ ಅಂತ ತೋರಿಸಿದರೂ ಬೆಳಕು ಕಮ್ಮಿ ಆದಾಗ ಹಿಂದೆ ಮುಂದೆ ಆಗುತ್ತಿರುತ್ತದೆ. ಚಪ್ಪಾಳೆ ತಟ್ಟಿ ಮೂರೂ ವಿಡಿಯೋ ಹೊಂದಿಸಿದೆ, ಒಂದು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಅಲ್ಲಾಡಿಹೋಗಿತ್ತು. ಮೂರನ್ನೂ ವಿಡಿಯೋ ಬದಲಿಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲಿ ಹಾಕಿ ಸೆಕೆಂಡಿಗೆ ಸರಿಯಾಗಿ 60 ಫ್ರೇಮಿಗೆ ಬದಲಿಸಿದ ಮೇಲೆ ಸರಿಹೋಯಿತು. 30 ಸಾಲದು. 30ರಲ್ಲಿ ಒಂದು ಫ್ರೇಮ್ ಅಂದರೆ 33 ಮಿಲಿಸೆಕೆಂಡ್. ಮಾವನ ಕಾಲು ನೆಲಕ್ಕೆ ಬಡಿಯುವ ಕ್ಷಣ ಎರಡು ಫ್ರೇಮಿನ ಮಧ್ಯೆ ಬಿದ್ದು ಕಳೆದೇಹೋಗುತ್ತದೆ.

ಕೊನೆಗೆ ಆರಿಸಿಕೊಂಡಿದ್ದು 22 ಸೆಕೆಂಡ್. 1320 ಫ್ರೇಮ್. ಪ್ರತಿ ಫ್ರೇಮಿಗೆ ಮೈಮೇಲಿನ 33 ಗುರುತು. ಅದನ್ನು 3ಡಿ ಆನಿಮೇಷನ್ ತಂತ್ರಾಂಶ ಬ್ಲೆಂಡರ್‌ಗೆ ತಂದೆ.

ಮೊದಲ ನೋಟ

ತೆರೆದು ನೋಡಿದಾಗ ಮಾವ ಇದ್ದರು. ಅದನ್ನು ಹೇಳಲೇಬೇಕು. ಬರೀ ಚುಕ್ಕಿ, ಕಡ್ಡಿ. ಆದರೂ ಆ ಎಡಭುಜ ಮುಂದೆ ತಳ್ಳುವ ರೀತಿ, ತಿರುಗುವ ಮೊದಲು ಒಂದು ಕ್ಷಣ ನಿಲ್ಲುವುದು, ಎಲ್ಲ ಅವರದೇ. ನಮ್ಮ ಅತ್ತೆ ಫೋನಲ್ಲಿ ನೋಡಿ ಹೆಸರು ಹೇಳುವ ಮೊದಲೇ ಗುರುತು ಹಿಡಿದರು.

ಆದರೆ ಕಡ್ಡಿಗಳು ನಡುಗುತ್ತಿದ್ದವು. ಪಾದ ನೆಲದ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತಿತ್ತು. ಬೆನ್ನು ತೋರಿಸಿ ತಿರುಗಿದಾಗ ಎಡಗಾಲು ಬಲಗಾಲು ಅದಲುಬದಲು ಆಗುತ್ತಿದ್ದವು. ಈ ಬಗೆಯ ಟ್ರ್ಯಾಕಿಂಗ್‌ನಲ್ಲಿ ಇದು ಆಗುವಂಥದ್ದೇ, ಹಿಂದಿನಿಂದ ನೋಡಿದರೆ ಯಾವ ಕಾಲು ಯಾವುದು ಅಂತ ಗೊಂದಲವಾಗುತ್ತದೆ.

ಅದಲುಬದಲು ತಿದ್ದುವುದು ಸುಲಭ. ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ಗೆರೆ ಇದ್ದಕ್ಕಿದ್ದಂತೆ ನೆಗೆದಿರುತ್ತದೆ, ಎರಡು ಕಾಲಿನ ಗೆರೆಯೂ ಒಂದೇ ಫ್ರೇಮಿನಲ್ಲಿ. ಆ ತುಂಡನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಿ ಹಾಕಿದರೆ ಆಯಿತು. ಎರಡೂ ಕೆಟ್ಟಿದ್ದ ಕಡೆ ಕೀಗಳನ್ನು ಅಳಿಸಿ ಖಾಲಿ ಬಿಟ್ಟೆ, ಗೆರೆ ತಾನೇ ಸೇರಿಕೊಳ್ಳುತ್ತದೆ. ಐದಾರು ಫ್ರೇಮಿನವರೆಗೆ ಇದು ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಕಾಲು ಸುತ್ತು ಹಾಕಿ ಬರುವ ಬದಲು ನೇರ ದಾರಿ ಹಿಡಿಯುತ್ತದೆ. ಅಂಥ ಎರಡು ಕಡೆ ವಿಡಿಯೋ ನೋಡಿಕೊಂಡು ಕೈಯಲ್ಲೇ ಕೀ ಹಾಕಿದೆ.

ತಿರುಗುವ ಹೆಜ್ಜೆಯಲ್ಲಿ ಇನ್ನೊಂದು ತೊಂದರೆ. ಸೊಂಟದ ತಿರುವು 180 ಡಿಗ್ರಿ ದಾಟಿದ ತಕ್ಷಣ ಲೆಕ್ಕ −180ಕ್ಕೆ ಹಾರುತ್ತದೆ. ಎರಡೂ ಒಂದೇ ದಿಕ್ಕು, ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಅದರ ಮೇಲೆ ನಯ ಮಾಡುವ ಫಿಲ್ಟರ್ ಹಾಕಿದರೆ ಬೊಂಬೆ ಮೂರು ಫ್ರೇಮಿನಲ್ಲಿ ಗಿರ್ ಅಂತ ಪೂರ್ತಿ ಹಿಂದಕ್ಕೆ ಸುತ್ತಿ ಬರುತ್ತದೆ. ಇದಕ್ಕೆ ತಿರುವುಗಳನ್ನು ಮೂರು ಕೋನದಲ್ಲಿ ಇಡದೆ ಕ್ವಾಟರ್ನಿಯನ್ ಎಂಬ ನಾಲ್ಕು ಸಂಖ್ಯೆಯ ರೂಪದಲ್ಲಿ ಇಡಬೇಕು. 1985ರಲ್ಲಿ ಕೆನ್ ಶೂಮೇಕ್ ಇದನ್ನು ಆನಿಮೇಷನ್‌ಗೆ ತಂದರು. ಒಂದು ಮಾತು ನೆನಪಿರಲಿ: ನಾಲ್ಕೂ ಸಂಖ್ಯೆಯ ಚಿಹ್ನೆ ಬದಲಾದರೂ ಅದು ಅದೇ ತಿರುವು. ಹಾಗಾಗಿ ಪಕ್ಕಪಕ್ಕದ ಫ್ರೇಮುಗಳ ಚಿಹ್ನೆ ಹೊಂದುವಂತೆ ಮಾಡಿಕೊಂಡೇ ಫಿಲ್ಟರ್ ಹಾಕಬೇಕು. ಇದನ್ನು ಬಿಟ್ಟಿದ್ದರಿಂದ ನನ್ನ ಒಂದು ಭಾನುವಾರ ಪೂರ್ತಿ ಹೋಯಿತು.

ನಯ ಮಾಡಿದ್ದು ಜಾಸ್ತಿಯಾಯಿತು

ನಡುಕ ತೆಗೆಯಲು ಬಟರ್‌ವರ್ತ್ ಫಿಲ್ಟರ್ ಹಾಕಿದೆ. ಒಂದು ಮಿತಿಗಿಂತ ವೇಗವಾದ ಅಲುಗಾಟವನ್ನು ಅದು ತಗ್ಗಿಸುತ್ತದೆ. ನಡಿಗೆ ಅಳೆಯುವವರು ಸಾಮಾನ್ಯವಾಗಿ 6 ಹರ್ಟ್ಜ್, ಅಂದರೆ ಸೆಕೆಂಡಿಗೆ 6 ಅಲುಗಾಟದ ಆಸುಪಾಸಿನಲ್ಲಿ ಇಡುತ್ತಾರೆ. ನಾನೂ ಮೈಗೆಲ್ಲ 6 ಇಟ್ಟೆ. ನಡುಕ ಹೋಯಿತು. ನೋಡಲು ಬೆಣ್ಣೆಯ ಹಾಗೆ. ಖುಷಿಯಾಗಿ ಮಾವನಿಗೆ ಕಳಿಸಿದೆ.

ಸಂಜೆ ಫೋನ್ ಬಂತು. "ಚೆನ್ನಾಗೈತೆ ಕಣವ್ವಾ. ಆದ್ರೆ ಕಾಲು ನೆಲ ಮುಟ್ಟಾಕ್ ಮುಂಚೇನೆ ಮೆತ್ತಗಾಯ್ತದಲ್ಲ? ಅದು ನಾನಲ್ಲ."

ಗೆರೆ ತೆಗೆದು ನೋಡಿದೆ. ಅವರ ಮಾತು ಅಕ್ಷರಶಃ ನಿಜ. ಹಿಡಿದ ಗೆರೆಯಲ್ಲಿ ಪಾದ ಬೀಳುತ್ತಾ ಬಂದು ಚೂಪಾದ ಮೂಲೆ ಮಾಡಿ ನಿಲ್ಲುತ್ತದೆ. ಫಿಲ್ಟರ್ ಆದ ಮೇಲೆ ಆ ಮೂಲೆ ಬಟ್ಟಲಿನಂತೆ ದುಂಡಗಾಗಿದೆ. ನೆಲ ಬರುವ ನಾಲ್ಕೈದು ಫ್ರೇಮ್ ಮೊದಲೇ ಪಾದ ನಿಧಾನವಾಗುತ್ತಿದೆ. ನಡಿಗೆಗೆ 6 ಸಾಕು. ಸೋಮ ನೆಲ ಗುದ್ದುವಾಗ ಅದು ಸಾಲದು. ಗುದ್ದು ಅಂದರೇ ಚೂಪು ಅಲ್ವಾ.

ಆಮೇಲೆ ಮೈಯ ಒಂದೊಂದು ಭಾಗಕ್ಕೆ ಒಂದೊಂದು ಮಿತಿ ಇಟ್ಟೆ. ಬೆನ್ನು, ಕುತ್ತಿಗೆಗೆ 4. ಕೈಗೆ 8. ಪಾದದ ಮೇಲೆ ಫಿಲ್ಟರ್ ಇಡೀ ಉದ್ದಕ್ಕೆ ಬೇಡವೆಂದು ತೀರ್ಮಾನಿಸಿದೆ. ಗುದ್ದಿನ ಅಕ್ಕಪಕ್ಕದ ಹತ್ತು ಫ್ರೇಮ್ ಮುಟ್ಟದೆ, ಮಧ್ಯದ ತುಂಡುಗಳಿಗೆ ಮಾತ್ರ ಹಾಕಿದೆ. ಫಿಲ್ಟರನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಓಡಿಸುವ ಬಗೆಯದೇ ಆರಿಸಿ. ಒಂದೇ ಕಡೆಯಿಂದ ಓಡಿಸಿದರೆ ಇಡೀ ಚಲನೆ ಸ್ವಲ್ಪ ತಡವಾಗುತ್ತದೆ, ಅರೆಯ ಸದ್ದಿಗೆ ಕೂರುವುದಿಲ್ಲ.

ಅರೆಯ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. ಸದ್ದಿನ ಗೆರೆ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟೋ ಕಡೆ ಕಾಲು ಎರಡು ಮೂರು ಫ್ರೇಮ್ ಮೊದಲೇ ಬಿದ್ದಿತ್ತು. ತಪ್ಪು ಅಂದುಕೊಂಡು ಎಲ್ಲ ಗುದ್ದುಗಳನ್ನೂ ಸಮಯದಲ್ಲಿ ಹಿಗ್ಗಿಸಿ ಕುಗ್ಗಿಸಿ ಏಟಿಗೆ ಸರಿಯಾಗಿ ಕೂರಿಸಿದೆ. ಸತ್ತುಹೋಯಿತು. ಮಾವನನ್ನು ಕೇಳಿದಾಗ ತಿಳಿಯಿತು. ಅವರು ಅರೆ ಕೇಳಿ ಕಾಲು ಹಾಕುವುದಿಲ್ಲ. ಅರೆಯವರು ಅವರ ಕಾಲು ನೋಡಿ ಬಡಿಯುತ್ತಾರೆ. ಆ ಎರಡು ಫ್ರೇಮ್ ಇರಲೇಬೇಕು. ಹಳೆಯ ಫೈಲ್ ಉಳಿಸಿದ್ದೆ, ಅದನ್ನೇ ತೆಗೆದುಕೊಂಡೆ.

ಪಾದ ಜಾರುವುದು

ಮೋಕ್ಯಾಪ್ ತಿದ್ದುವುದರಲ್ಲಿ ಅರ್ಧಕ್ಕರ್ಧ ಕೆಲಸ ಇದೇ. ಊರಿದ ಪಾದ ಊರಿದಂತೆ ಇರಬೇಕು. ಒಂದು ಸೆಂಟಿಮೀಟರ್ ಜಾರಿದರೂ ಕಣ್ಣು ಹಿಡಿಯುತ್ತದೆ, ಮೈ ತೇಲುತ್ತಿದೆ ಅನ್ನಿಸುತ್ತದೆ.

ಮೊದಲು ಪಾದ ಯಾವ ಫ್ರೇಮಿನಿಂದ ಯಾವ ಫ್ರೇಮಿನವರೆಗೆ ನೆಲದ ಮೇಲಿದೆ ಅಂತ ಗುರುತು ಹಾಕಬೇಕು. ಪಾದದ ಎತ್ತರ ತುಂಬಾ ಕಮ್ಮಿ ಮತ್ತು ವೇಗವೂ ತುಂಬಾ ಕಮ್ಮಿ ಇದ್ದರೆ ಊರಿದೆ ಅಂತ ಲೆಕ್ಕ. ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು ಪಟ್ಟಿ ತೆಗೆದೆ, ಆಮೇಲೆ ವಿಡಿಯೋ ನೋಡಿ ಕೈಯಲ್ಲಿ ತಿದ್ದಿದೆ. ಆ ಫ್ರೇಮುಗಳಲ್ಲಿ ಐಕೆ ಗುರಿಯನ್ನು ಒಂದೇ ಜಾಗಕ್ಕೆ ಮೊಳೆ ಹೊಡೆದಂತೆ ನಿಲ್ಲಿಸಬೇಕು. ಐಕೆ ಅಂದರೆ ಪಾದ ಎಲ್ಲಿರಬೇಕು ಅಂತ ನಾವು ಹೇಳುತ್ತೇವೆ, ಮೊಣಕಾಲು ಎಷ್ಟು ಮಡಚಬೇಕು ಅಂತ ಅದು ಲೆಕ್ಕ ಹಾಕುತ್ತದೆ.

ಮೊಳೆ ಹೊಡೆದ ತಕ್ಷಣ ಹೊಸ ತೊಂದರೆ. ಕಾಲು ಹೆಚ್ಚುಕಮ್ಮಿ ನೇರವಾಗಿರುವಾಗ ಪಾದ ಅರ್ಧ ಸೆಂಟಿಮೀಟರ್ ಆಚೆ ಈಚೆ ಆದರೂ ಮೊಣಕಾಲಿನ ಕೋನ ತುಂಬಾ ಬದಲಾಗುತ್ತದೆ. ನೋಡುವವರಿಗೆ ಮೊಣಕಾಲು ಟಕ್ ಅಂತ ಸಿಡಿದಂತೆ ಕಾಣುತ್ತದೆ. 2002ರಲ್ಲಿ ಲೂಕಾಸ್ ಕೋವರ್, ಜಾನ್ ಶ್ರೈನರ್, ಮೈಕೆಲ್ ಗ್ಲೈಕರ್ ಪಾದದ ಜಾರಿಕೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ಅದರಲ್ಲಿ ಒಂದು ಉಪಾಯ ಇದೆ: ಕಾಲಿನ ಮೂಳೆಯ ಉದ್ದವನ್ನೇ ಚೂರು ಹಿಗ್ಗಲು ಕುಗ್ಗಲು ಬಿಡುವುದು. ಕೇಳಿದರೆ ವಿಚಿತ್ರ. ಆದರೆ ಮೂಳೆ ಅಷ್ಟಿಷ್ಟು ಉದ್ದವಾದರೆ ಕಣ್ಣಿಗೆ ಕಾಣದು, ಮೊಣಕಾಲು ಸಿಡಿದರೆ ಕಂಡೇ ಕಾಣುತ್ತದೆ. ನಾನು ಎರಡನ್ನೂ ಸೇರಿಸಿ ಮಾಡಿದೆ. ಸೊಂಟವನ್ನು ಆ ಜಾಗದಲ್ಲಿ ಒಂದು ಸೆಂಟಿಮೀಟರ್ ನಿಧಾನಕ್ಕೆ ಇಳಿಸಿದೆ, ಉಳಿದದ್ದನ್ನು ಐಕೆ ಹಿಗ್ಗಿಸುವ ಆಯ್ಕೆಗೆ ಬಿಟ್ಟೆ.

ಮೊಳೆಗೆ ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ ಎರಡೂ ಬೇಕು. ಪಾದ ಏಳುವಾಗ 8 ಫ್ರೇಮಿನಲ್ಲಿ ನಿಧಾನವಾಗಿ ಹಿಡಿದ ಚಲನೆಗೆ ಮರಳಲು ಬಿಟ್ಟೆ. ಬೀಳುವಾಗ 2 ಫ್ರೇಮ್ ಮಾತ್ರ. ಇಲ್ಲದಿದ್ದರೆ ಮತ್ತೆ ಅದೇ ಮೆತ್ತಗಾಗುವ ಕಥೆ.

ಎಲ್ಲ ಮುಗಿಯಿತು. 41 ಕಡೆ ಮೊಳೆ. ಯಾವ ಪಾದವೂ ಜಾರುತ್ತಿಲ್ಲ. ಲ್ಯಾಪ್‌ಟಾಪ್ ತೆಗೆದುಕೊಂಡು ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿ ಊರಿಗೆ ಹೋದೆ.

ಮಾವ ಎರಡು ಸಲ ನೋಡಿದರು. ಮೂರನೇ ಸಲ ಬೆರಳು ತೋರಿಸಿ ನಿಲ್ಲಿಸು ಅಂದರು. "ಇಲ್ಲಿ ಎಡಗಾಲು ಎಳೀಬೇಕು. ಧೂಳು ಏಳಬೇಕು. ನೀನು ಕಟ್ಟಾಕಿಬಿಟ್ಟಿದ್ದೀಯ."

ಮೂಲ ವಿಡಿಯೋ ತೆಗೆದೆ. ಹೌದು. ಎರಡು ಗುದ್ದಾದ ಮೇಲೆ ಎಡಪಾದವನ್ನು ನೆಲ ಬಿಡದೆ ಹಿಂದಕ್ಕೆ ಒಂದು ಗೇಣು ಎಳೆಯುತ್ತಾರೆ. ಕಣದ ಮಣ್ಣು ಸಣ್ಣಗೆ ಏಳುವುದು ಮೂರನೇ ಕ್ಯಾಮೆರಾದಲ್ಲಿ ಚೆನ್ನಾಗೇ ಕಾಣುತ್ತದೆ. ನಾನು ಅದನ್ನು ಜಾರಿಕೆಯ ತಪ್ಪು ಅಂತ ತಿದ್ದಿಬಿಟ್ಟಿದ್ದೆ. ಅದು ಹೆಜ್ಜೆ. ಮುಂದಿನ ತಿರುವಿಗೆ ಮೈ ತೂಗಿಸಿಕೊಳ್ಳುವುದು ಆ ಎಳೆತದಿಂದಲೇ. ಅದಿಲ್ಲದೆ ಬೊಂಬೆ ಹೇಗೋ ತಿರುಗುತ್ತಿತ್ತು, ಯಾಕೆ ತಿರುಗಿತು ಅಂತ ಗೊತ್ತಾಗುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಇಬ್ಬರೂ ಕೂತು 41 ಮೊಳೆಗಳನ್ನೂ ಒಂದೊಂದಾಗಿ ನೋಡಿದೆವು. ಮಾವ "ಇದು ಊರಿದ್ದು", "ಇದು ಎಳೆದದ್ದು" ಅಂತ ಹೇಳುತ್ತಾ ಹೋದರು. ಆರು ಎಳೆತ ಸಿಕ್ಕವು. ಅವಕ್ಕೆ ಮೊಳೆ ಕಿತ್ತು ಬೇರೆ ವ್ಯವಸ್ಥೆ ಮಾಡಿದೆ. ಪಾದದ ಎತ್ತರವನ್ನು ಮಾತ್ರ ನೆಲಕ್ಕೆ ಕಟ್ಟಿದೆ, ಹಿಂದೆ ಮುಂದೆ ಹೋಗಲು ಬಿಟ್ಟೆ. ಆ ದಾರಿಯ ನಡುಕವನ್ನು ಮಾತ್ರ ನಯ ಮಾಡಿದೆ. ಸ್ಕ್ರಿಪ್ಟ್‌ಗೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ. ಎಳೆತದ ವೇಗವೂ ಜಾರಿಕೆಯ ವೇಗವೂ ಹೆಚ್ಚುಕಮ್ಮಿ ಒಂದೇ ಇತ್ತು.

ತಲೆ ಮೇಲಿನ ಭಾರ

ಈಗ ಬರಿ ತಲೆಯ ವಿಷಯ. ಬೊಂಬೆಗೆ ಸೋಮನ ದೊಡ್ಡ ಮುಖ ಕೂರಿಸಿ ನೋಡಿದರೆ ಮುಖ ಕಾಗದದ್ದು ಅನ್ನಿಸುತ್ತಿತ್ತು. ಮೈಯಲ್ಲಿ ಭಾರವೇ ಇಲ್ಲ. ಹೇಗಿರುತ್ತದೆ, ಅವರು ಹೊತ್ತಿರಲಿಲ್ಲ.

ಮಾವನಿಗೆ ಹೇಳಿದೆ. ಅವರು ಒಳಗೆ ಹೋಗಿ ಒಂದು ಚೀಲಕ್ಕೆ ರಾಗಿ ತುಂಬಿಸಿ, ತೂಕ ನೋಡಿ ನೋಡಿ ಸುರಿದು, "ಇಷ್ಟಿರ್ತದೆ" ಅಂತ ತಲೆಗೆ ಟವೆಲ್ ಸುತ್ತಿ ಇಟ್ಟುಕೊಂಡರು. ಮೊಣಕಾಲು ನೋವಿಗೆ ಪೂರ್ತಿ ಕುಣಿಯಲಿಲ್ಲ. ಎಂಟು ಹೆಜ್ಜೆ ಹಾಕಿದರು. ಒಂದೇ ಫೋನಲ್ಲಿ ಪಕ್ಕದಿಂದ ತೆಗೆದೆ. ಅಷ್ಟು ಸಾಕಾಯಿತು. ಸೊಂಟ ಸುಮಾರು 3 ಸೆಂಟಿಮೀಟರ್ ಕೆಳಗೇ ಇತ್ತು. ಕುತ್ತಿಗೆ ಆಡುವುದು ಅರ್ಧಕ್ಕಿಳಿದಿತ್ತು, ತಿರುಗಿದರೆ ಭುಜ ಸಮೇತ ತಿರುಗುತ್ತಿದ್ದರು. ಎಲ್ಲಕ್ಕಿಂತ ಮುಖ್ಯ, ಗುದ್ದಾದ ಮೇಲೆ ಸೊಂಟ ಇನ್ನೂ ಇಳಿಯುತ್ತಲೇ ಇತ್ತು, 5 ಫ್ರೇಮ್ ಆದ ಮೇಲೆ ತಳ ಮುಟ್ಟುತ್ತಿತ್ತು. ಬರಿ ತಲೆಯಲ್ಲಿ ಅದು 2 ಫ್ರೇಮ್.

ಇದನ್ನು ಹಿಡಿದ ಚಲನೆಗೆ ಸೇರಿಸುವುದು ಹೇಗೆ? ಕೀಗಳನ್ನು ಒಂದೊಂದಾಗಿ ತಿದ್ದಲಾಗದು, 1320 ಫ್ರೇಮಿನಲ್ಲೂ ಕೀ ಇದೆ. 1995ರಲ್ಲಿ ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಎರಡು ಪ್ರಬಂಧ ಬಂದವು. ಒಂದು ಆಂಡ್ರ್ಯೂ ವಿಟ್ಕಿನ್ ಮತ್ತು ಜೋರಾನ್ ಪೊಪೊವಿಚ್ ಅವರದು, ಇನ್ನೊಂದು ಆರ್ಮಿನ್ ಬ್ರೂಡರ್ಲಿನ್ ಮತ್ತು ಲ್ಯಾನ್ಸ್ ವಿಲಿಯಮ್ಸ್ ಅವರದು. ಎರಡರಲ್ಲೂ ಇರುವ ಒಂದು ಯೋಚನೆ ಇವತ್ತಿಗೂ ದಿನಾ ಬಳಕೆಯಲ್ಲಿದೆ. ಮೂಲ ಗೆರೆಯನ್ನು ಮುಟ್ಟಬೇಡಿ. ಅದರ ಮೇಲೆ ಕೆಲವೇ ಕೀಗಳ ಒಂದು ಮೆತ್ತನೆಯ ಗೆರೆ ಇಟ್ಟು ಎರಡನ್ನೂ ಕೂಡಿಸಿ. ದೊಡ್ಡ ಬದಲಾವಣೆ ಮೇಲಿನ ಗೆರೆಯಿಂದ ಬರುತ್ತದೆ, ಮನುಷ್ಯನ ಸಣ್ಣ ಸಣ್ಣ ವಿವರ ಕೆಳಗಿನ ಗೆರೆಯಲ್ಲಿ ಹಾಗೇ ಉಳಿಯುತ್ತದೆ. ಬ್ಲೆಂಡರ್‌ನಲ್ಲಿ ಎನ್ಎಲ್ಎ ಎಡಿಟರ್‌ನಲ್ಲಿ ಮೇಲೊಂದು ಪದರ ಹಾಕಿ ಕೂಡಿಸುವ ಬಗೆ ಆರಿಸಿದರೆ ಇದೇ ಆಗುತ್ತದೆ. ಒಂದು ಗುದ್ದಿಗೆ ಮೂರು ಕೀ ಸಾಕಾಯಿತು.

ಹಾಕಿದೆ. ಪಾದ 3 ಸೆಂಟಿಮೀಟರ್ ನೆಲದೊಳಗೆ ಹೋಯಿತು.

ತಪ್ಪು ನನ್ನದೇ. ಮೊಳೆ ಕೆಲಸ ಮುಗಿಯಿತು ಅಂತ ಐಕೆಯನ್ನು ಬೇಕ್ ಮಾಡಿ, ಅಂದರೆ ಅದರ ಫಲಿತಾಂಶವನ್ನು ಪ್ರತಿ ಫ್ರೇಮಿನ ಕೀಗಳಾಗಿ ಬರೆಸಿ, ತೆಗೆದುಬಿಟ್ಟಿದ್ದೆ. ಈಗ ಸೊಂಟ ಇಳಿಸಿದರೆ ಕಾಲು ಪೂರ್ತಿ ಜೊತೆಗೇ ಇಳಿಯುತ್ತದೆ. ಐಕೆ ಇದ್ದಿದ್ದರೆ ಪಾದ ನೆಲದಲ್ಲೇ ಉಳಿದು ಮೊಣಕಾಲು ಇನ್ನಷ್ಟು ಮಡಚುತ್ತಿತ್ತು. ನಮಗೆ ಬೇಕಾಗಿದ್ದೂ ಅದೇ. ನೀವು ಮಾಡುವುದಾದರೆ ಮೊಳೆಗಳನ್ನು ಕೊನೆಯವರೆಗೂ ಜೀವಂತ ಇಟ್ಟುಕೊಳ್ಳಿ, ಬೇಕ್ ಎಲ್ಲ ಮುಗಿದ ಮೇಲೆ. ಎರಡು ದಿನದ ಕೆಲಸ ಮತ್ತೆ ಮಾಡಿದೆ. ಗುರುತುಗಳ ಪಟ್ಟಿ ಉಳಿಸಿದ್ದರಿಂದ ಎರಡೇ ದಿನದಲ್ಲಿ ಆಯಿತು.

ಬೊಂಬೆಯ ಅಳತೆ

ಕಲಿಯುವ ಹುಡುಗರು ಹನ್ನೆರಡು ಹದಿಮೂರು ವರ್ಷದವರು. ಬೊಂಬೆಯನ್ನೂ ಅವರಷ್ಟೇ ಮಾಡಿದ್ದೆ. ಸೊಂಟದಿಂದ ಹರಡಿನವರೆಗೆ ಮಾವನದು 84 ಸೆಂಟಿಮೀಟರ್, ಬೊಂಬೆಯದು 63. ಕೋನಗಳನ್ನು ಹಾಗೇ ಕೊಟ್ಟರೆ ಸಣ್ಣ ಕಾಲು ದೊಡ್ಡವರ ದೂರ ಕ್ರಮಿಸಲು ಹೋಗಿ ಮತ್ತೆ ಜಾರುತ್ತದೆ. ಇಡೀ ಮೈ ಚಲಿಸುವ ದೂರವನ್ನೂ, ಪಾದದ ಮೊಳೆಗಳ ಜಾಗವನ್ನೂ 63 ಭಾಗಿಸು 84, ಅಂದರೆ 0.75ರಿಂದ ಗುಣಿಸಿದೆ. ಹೆಜ್ಜೆ ಸಣ್ಣದಾಯಿತು, ಸರಿಯಾಗಿ ಕೂತಿತು.

ಕೈ ಮಾತ್ರ ಗುಣಾಕಾರಕ್ಕೆ ಬಗ್ಗಲಿಲ್ಲ. ಎರಡೂ ಕೈಯಲ್ಲಿ ಬೆತ್ತ ಹಿಡಿದು ಎತ್ತುವ ಹೆಜ್ಜೆಯಲ್ಲಿ ಕೈಗಳ ನಡುವಿನ ಅಂತರ ಬೆತ್ತದ ಮೇಲೇ ಇರಬೇಕು. ಗ್ಲೈಕರ್ 1998ರಲ್ಲೇ ಇದನ್ನು ತೋರಿಸಿದ್ದರು: ಚಲನೆಯನ್ನು ಬೇರೆ ಅಳತೆಯ ಮೈಗೆ ಹಾಕುವಾಗ ಯಾವುದು ಯಾವುದನ್ನು ಮುಟ್ಟಿರಬೇಕು ಅನ್ನುವುದನ್ನು ಮೊದಲು ಹಿಡಿದಿಟ್ಟುಕೊಂಡು ಉಳಿದದ್ದನ್ನು ಹೊಂದಿಸಬೇಕು. ಎಡಗೈಯನ್ನು ಬೆತ್ತಕ್ಕೇ ಕಟ್ಟಿದೆ. ಸೋಮನ ಮುಖ ಅಗಲವಾದ್ದರಿಂದ ಕೈ ಎತ್ತಿದಾಗ ಮೊಣಕೈ ಕೆನ್ನೆಯೊಳಗೆ ಹೋಗುತ್ತಿತ್ತು, ಮೇಲಿನ ಪದರದಲ್ಲಿ ಭುಜವನ್ನು ಸ್ವಲ್ಪ ಹೊರಗೆ ತೆಗೆದೆ.

ಒಂದು ಸುತ್ತು ಮತ್ತೆ ಮತ್ತೆ ಓಡುವಂತೆ ಕೊನೆಯನ್ನು ಮೊದಲಿಗೆ ಜೋಡಿಸಿದೆ. ಸುಮ್ನೆ ನಿಲುವು ಒಂದೇ ಇರುವ ಎರಡು ಫ್ರೇಮ್ ಹುಡುಕಿದರೆ ಸಾಲದು. ಒಂದರಲ್ಲಿ ಮೈ ಏಳುತ್ತಿದ್ದು ಇನ್ನೊಂದರಲ್ಲಿ ಇಳಿಯುತ್ತಿದ್ದರೆ ಜೋಡಣೆಯಲ್ಲಿ ಬಿಕ್ಕಳಿಸಿದಂತೆ ಆಗುತ್ತದೆ. ಹೋಗುವ ದಿಕ್ಕು, ವೇಗ ಎರಡೂ ಹೊಂದಬೇಕು. 12 ಫ್ರೇಮ್ ಬೆರೆಸಿದೆ.

ಈಗ

ಹೋದ ಭಾನುವಾರ ಸಂಜೆ ಜಗಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿದೆವು. ಬೊಂಬೆಯ ಬೆನ್ನು ನಮ್ಮ ಕಡೆಗೆ ತಿರುಗಿಸಿ, ಅರ್ಧ ವೇಗದಲ್ಲಿ. ನಾಲ್ಕು ಹುಡುಗರು ಹಿಂದೆ ನಿಂತು ಹೆಜ್ಜೆ ಹಾಕಿದರು. ಮೊದಲು ಬಟ್ಟೆ, ಮುಖ ಎಲ್ಲ ಇತ್ತು. ಆಮೇಲೆ ಮಾವ, "ಸೀರೆ ತೆಗಿಯವ್ವಾ, ಮಂಡಿ ಕಾಣ್ಲಿ" ಅಂದರು. ಒಂದು ಗುಂಡಿ ಒತ್ತಿ ಮರೆ ಮಾಡಿದೆ. ಚಿಕ್ಕವನೊಬ್ಬ ಎಡಗಾಲು ಎಳೆಯುವ ಜಾಗ ಬಂದಾಗ ತಾನಾಗೇ ಎಳೆದ. ಯಾರೂ ಹೇಳಿರಲಿಲ್ಲ.

ಉಳಿದಿರುವ ಕೆಲಸ: ಕಾಲ್ಬೆರಳು. ಹಿಡಿದ 33 ಗುರುತಿನಲ್ಲಿ ಒಂದೊಂದು ಪಾದಕ್ಕೆ ಹರಡು, ಹಿಮ್ಮಡಿ, ಮುಂದಿನ ತುದಿ ಮಾತ್ರ ಇವೆ. ಎಳೆಯುವಾಗ ಹೆಬ್ಬೆರಳು ನೆಲ ಕಚ್ಚಿ ಹಿಡಿಯುತ್ತದೆ, ಅದನ್ನು ಕೈಯಲ್ಲೇ ಮಾಡಬೇಕು. ಮಾವ ತಮ್ಮ ಬಲಗಾಲನ್ನು ಜಗಲಿ ಮೇಲಿಟ್ಟು ಫೋಟೋ ತೆಗೆಸಿಕೊಂಡಿದ್ದಾರೆ, ನಾಲ್ಕು ಕಡೆಯಿಂದ. ಎಡಗಾಲಿನದು ಮುಂದಿನ ಶನಿವಾರ.